ತಪ್ಪು ತೋರಿಸುವ ಬಗೆ: ಶಿಕ್ಷಕರಿಗೊಂದು ಮಾರ್ಗದರ್ಶಿ

‘ನಿನಗ ಸಾಲಿ ಯಾಕ? ದನ ಕಾಯಾಕ ಹೋಗು.’

ಈ ಮಾತನ್ನು ನಾನೂ ಆಡಿದ್ದೇನೆ. ಬಾಗಲಕೋಟೆ ಜಿಲ್ಲೆಯ ಒಂದು ಪ್ರೌಢಶಾಲೆಗೆ ಕನ್ನಡ ಶಿಕ್ಷಕಿಯಾಗಿ ಸೇರಿದ ಮೂರನೇ ವರ್ಷ. ಎಂಟನೇ ತರಗತಿ. ಮನೆಗೆಲಸ ಬರೆಯದೆ ಬಂದಿದ್ದ ಹುಡುಗನನ್ನು ಎಬ್ಬಿಸಿ ನಿಲ್ಲಿಸಿ, ಎಲ್ಲರೆದುರು ಅಂದೆ. ಅವನು ತಲೆ ತಗ್ಗಿಸಿಕೊಂಡೇ ಹೇಳಿದ: ‘ಮುಂಜಾನೆ ಕಾದ ಬಂದೀನ್ರಿ ಟೀಚರ್.’ ತರಗತಿ ನಕ್ಕಿತು. ಅವನು ನಗಲಿಲ್ಲ. ಐದಕ್ಕೆ ಎದ್ದು ಸಗಣಿ ಬಳಿದು, ಎರಡು ಎಮ್ಮೆಗಳನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗಿ ನೀರು ಕುಡಿಸಿ, ತಂದು ಕಟ್ಟಿ, ಮೂರು ಕಿಲೋಮೀಟರ್ ನಡೆದು ಶಾಲೆಗೆ ಬಂದಿದ್ದ. ನಾನು ಬೈಗುಳ ಅಂದುಕೊಂಡು ಆಡಿದ್ದು ಅವನ ಮನೆಯ ಅನ್ನ. ಮರುದಿನವೂ ಮನೆಗೆಲಸ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಈ ಲೇಖನ ಬರೆಯಲು ಆ ‘ಬರಲಿಲ್ಲ’ವೇ ಕಾರಣ. ಟೀಕೆ ಸರಿಯಾಯಿತೋ ಇಲ್ಲವೋ ಎಂದು ನೋಡಬೇಕಾದ್ದು ಮಗುವಿನ ಮುಂದಿನ ಪುಟದಲ್ಲಿ. ನಾವು ಎಷ್ಟು ಗಟ್ಟಿಯಾಗಿ ಹೇಳಿದೆವು, ಎಷ್ಟು ಮೆತ್ತಗೆ ಹೇಳಿದೆವು ಎನ್ನುವುದು ಆಮೇಲಿನ ಮಾತು. ‘ಚಲೋ ಬರಿ, ಇನ್ನೂ ಸುಧಾರಿಸು’ ಎಂಬ ಮೆತ್ತನೆಯ ಮಾತಿನಿಂದಲೂ ಮುಂದಿನ ಪುಟ ಬದಲಾಗುವುದಿಲ್ಲ, ಯಾಕೆಂದರೆ ಏನು ಸುಧಾರಿಸಬೇಕು ಎಂದು ಮಗುವಿಗೆ ತಿಳಿದಿರುವುದಿಲ್ಲ. ಖಚಿತವಾಗಿ ಹೇಳುವುದೇ ಮಗುವಿಗೆ ನಾವು ತೋರುವ ಮರ್ಯಾದೆ ಎಂದು ನಾನು ತಿಳಿದಿದ್ದೇನೆ. ಅದನ್ನು ರೂಢಿ ಮಾಡಿಕೊಳ್ಳಲು ನನಗೆ ವರ್ಷಗಳೇ ಹಿಡಿದವು. ಹೊಸದಾಗಿ ನೌಕರಿಗೆ ಬಂದವರು ಅಷ್ಟು ಕಾಯಬೇಕಾಗಿಲ್ಲ.

ಮೊದಲು ಕೇಳಿ, ಆಮೇಲೆ ಹೇಳಿ

‘ಯಾಕ ತಪ್ಪ ಮಾಡಿದಿ?’ ಎಂದು ಕೇಳಿದರೆ ಮಗು ಸುಮ್ಮನಾಗುತ್ತದೆ. ಅದು ಪ್ರಶ್ನೆಯ ರೂಪದ ಬೈಗುಳ ಎಂದು ಮಕ್ಕಳಿಗೆ ಚೆನ್ನಾಗಿ ಗೊತ್ತು. ‘ಇದನ್ನ ಹೆಂಗ ಮಾಡಿದಿ, ಹೇಳ ನೋಡೂಣು’ ಎಂದು ಕೇಳಿ. ಎರಡಕ್ಕೂ ಭಾಳ ಫರಕು ಇದೆ.

ನಮ್ಮ ಶಾಲೆಯ ಗಣಿತದ ಸರ್ ಹೀಗೆ ಕೇಳುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಹುಡುಗನೊಬ್ಬ 1/2 + 1/3 = 2/5 ಎಂದು ಬರೆದಿದ್ದ. ಹೆಂಗ ಮಾಡಿದಿ ಅಂದಾಗ, ‘ಮ್ಯಾಲಿನ್ವು ಕೂಡಿಸಿನ್ರಿ, ಕೆಳಗಿನ್ವೂ ಕೂಡಿಸಿನ್ರಿ’ ಅಂದ. ಅಂದರೆ ಅವನು ಲಕ್ಷ್ಯವಿಲ್ಲದೆ ಬರೆದಿರಲಿಲ್ಲ. ತನ್ನದೇ ಒಂದು ನಿಯಮ ಮಾಡಿಕೊಂಡು ಅದನ್ನು ನಿಯತ್ತಿನಿಂದ ಪಾಲಿಸಿದ್ದ. ಸರ್ ಬೈಯಲಿಲ್ಲ. ‘ನಿನ್ನ ತಾಟಿನ್ಯಾಗ ಅರ್ಧಾ ರೊಟ್ಟಿ ಐತಿ. ಅದರ ಮ್ಯಾಲ ಇನ್ನೊಂದ ತುಣುಕ ಹಾಕಿದ್ನಿ. ಈಗ ಅರ್ಧಕ್ಕಿಂತ ಹೆಚ್ಚಾತೋ ಕಡಿಮಿ ಆತೋ?’ ‘ಹೆಚ್ಚಾತ್ರಿ.’ ‘ಮತ್ತ ಐದು ತುಣುಕಿನ್ಯಾಗ ಎರಡು ಅಂದ್ರ?’ ಹುಡುಗ ನೋಟ್‌ಬುಕ್ಕಿನ ಅಂಚಿನಲ್ಲಿ ದುಂಡಗೆ ರೊಟ್ಟಿ ಬರೆದ, ಐದು ಭಾಗ ಮಾಡಿದ, ಎರಡಕ್ಕೆ ಗೆರೆ ತುಂಬಿದ. ಸ್ವಲ್ಪ ಹೊತ್ತು ನೋಡಿದ. ‘ಅರ್ಧಕ್ಕಿಂತ ಕಡಿಮಿ ಬಂತ್ರಿ,’ ಎಂದು ತಾನೇ ರಬ್ಬರ್ ತೆಗೆದುಕೊಂಡ. ಉತ್ತರ ತಪ್ಪು ಎನ್ನುವ ಮಾತನ್ನು ಸರ್ ಒಮ್ಮೆಯೂ ಆಡಿರಲಿಲ್ಲ.

ಕಾರಣ ಎಷ್ಟೋ ಸಲ ಪಾಠದ ಹೊರಗೂ ಇರುತ್ತದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದ ವಾರ, ಕಬ್ಬಿಗೆ ನೀರು ಹಾಯಿಸಲು ಅಪ್ಪನ ಜೊತೆ ಹೋದ ಹುಡುಗ ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುತ್ತಾನೆ. ಇಳಕಲ್ಲಿನಲ್ಲೋ ರಬಕವಿ-ಬನಹಟ್ಟಿಯಲ್ಲೋ ಮಗ್ಗದ ಮನೆಯ ಹುಡುಗಿ ಸಂಜೆ ಕಂಡಿಕೆಗೆ (ನೇಯ್ಗೆಯ ನೂಲಿನ ಸಣ್ಣ ಕೊಳವೆಗೆ) ನೂಲು ಸುತ್ತಿ ಮುಗಿಸುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಕಾರ್ಖಾನೆ ಶುರುವಾದ ಮೇಲೆ ಅಪ್ಪ-ಅವ್ವ ಕಬ್ಬು ಕಡಿಯಲು ಗುಂಪಿನೊಂದಿಗೆ ಹೋದರೆ ಮನೆಯಲ್ಲಿ ಉಳಿಯುವುದು ಅಜ್ಜಿ ಮತ್ತು ಸಣ್ಣ ತಮ್ಮ-ತಂಗಿಯರು. ಅಡುಗೆ ದೊಡ್ಡ ಹುಡುಗಿಯ ಪಾಲು. ಇದರಿಂದ ಬರೆಯದ ಮನೆಗೆಲಸ ಬರೆದಂತಾಗುವುದಿಲ್ಲ, ನಿಜ. ಆದರೆ ಅದಕ್ಕೆ ಹೇಳಬೇಕಾದ ಮಾತೇ ಬೇರೆ: ‘ಮನ್ಯಾಗ ಆಗೂದಿಲ್ಲ ಅಂದ್ರ ಊಟದ ಬಿಡುವಿನ್ಯಾಗ ಇಲ್ಲೇ ಕುಂತು ಐದು ಸಾಲು ಬರಿ, ನಾ ನೋಡ್ತೀನಿ.’

ಒಂದು ಸಲಕ್ಕೆ ಒಂದೇ ತಪ್ಪು

ಕನ್ನಡ ಶಿಕ್ಷಕರಾದ ನಮ್ಮ ಕೈಯಲ್ಲಿ ಕೆಂಪು ಪೆನ್ನು ಇದ್ದರೆ ನಿಲ್ಲುವುದೇ ಇಲ್ಲ. ಒತ್ತಕ್ಷರ, ದೀರ್ಘ, ವಿಭಕ್ತಿ, ಪ್ಯಾರಾ, ಅಕ್ಷರದ ಅಂದ, ಎಲ್ಲಕ್ಕೂ ಗುಂಡು ಸುತ್ತುತ್ತೇವೆ. ಒಂದು ಪುಟದಲ್ಲಿ ಇಪ್ಪತ್ತು ಗುಂಡು ಕಂಡ ಮಗು ಆ ಪುಟವನ್ನು ಎರಡನೇ ಸಲ ತೆರೆಯುವುದಿಲ್ಲ.

ಈ ಸಲ ಯಾವುದು ತಿದ್ದಿದರೆ ಹೆಚ್ಚು ಉಪಯೋಗ ಎಂದು ನೀವೇ ಆರಿಸಿ. ಉಳಿದದ್ದನ್ನು ಬಿಡಿ, ಮುಂದಿನ ವಾರವೂ ಶಾಲೆ ಇರುತ್ತದೆ. ನಾನು ಆರಿಸುವ ಕ್ರಮ ಹೀಗಿದೆ: ಅರ್ಥವೇ ಕೆಡುವ ತಪ್ಪು ಮೊದಲು, ಮತ್ತೆ ಮತ್ತೆ ಬರುವ ತಪ್ಪು ಆಮೇಲೆ, ಅಕ್ಷರದ ಅಂದ ಕಟ್ಟಕಡೆಗೆ. ಅಂದದ ವಿಷಯದಲ್ಲಿ ನಾವು ಬಹಳ ಕಾಲ ಕಳೆಯುತ್ತೇವೆ. ವಿಚಾರವಿರುವ ವಕ್ರ ಅಕ್ಷರಕ್ಕಿಂತ ಗೈಡ್ ನೋಡಿ ಬರೆದ ದುಂಡಕ್ಷರಕ್ಕೆ ಹೆಚ್ಚು ಮರ್ಯಾದೆ ಕೊಡುವ ಈ ಚಾಳಿ ಹೋಗಬೇಕು.

ಆ ಒಂದನ್ನಾದರೂ ಮಗು ಕೈ ಹಾಕಿ ಮಾಡಬಹುದಾದ ಕೆಲಸವಾಗಿ ಹೇಳಿ. ‘ಬರವಣಿಗೆ ಸುಧಾರಿಸಬೇಕು’ ಎಂದರೆ ಯಾರಿಗೂ ಏನೂ ಮಾಡಲು ಬರುವುದಿಲ್ಲ. ‘ಎರಡನೇ ಪ್ಯಾರಾದ ವಾಕ್ಯ ಆರು ಸಾಲು ಉದ್ದ ಐತಿ, ಅದನ್ನ ಮೂರು ವಾಕ್ಯ ಮಾಡು’ ಎಂದರೆ ಕೂತಲ್ಲೇ ಮಾಡಬಹುದು.

ಕೆಲಸದ ಬಗ್ಗೆ ಮಾತಾಡಿ; ಮಗುವನ್ನೂ ಅದರ ಮನೆತನವನ್ನೂ ಬಿಡಿ

‘ದಡ್ಡ’, ‘ಕತ್ತಿ’ (ಕತ್ತೆ) ಬಿಡಬೇಕೆಂದು ಎಲ್ಲರಿಗೂ ಗೊತ್ತು. ನಮ್ಮ ಕಡೆ ಇನ್ನೊಂದು ಮಾತಿದೆ, ಅದರ ಪೆಟ್ಟು ಕಾಣುವುದಿಲ್ಲ: ‘ಶ್ಯಾಣ್ಯಾ’, ಅಂದರೆ ಜಾಣ. ‘ಬಂದ್ರಪಾ ಶ್ಯಾಣ್ಯಾರು’, ‘ಭಾಳ ಶ್ಯಾಣ್ಯಾ ಆಗೀ ಬಿಡು’. ಮುಖದಲ್ಲಿ ನಗೆ ಇರುವುದರಿಂದ ಬೈದಂತೆ ಕಾಣುವುದಿಲ್ಲ, ಆದರೆ ಮುಂದಿನ ವಾರ ಆ ಮಗು ಕೈ ಎತ್ತುವುದಿಲ್ಲ. ಪ್ರಶ್ನೆ ಕೇಳಿದ್ದಕ್ಕೇ ಕೊಂಕು ಬಂತೆಂದರೆ ಬುದ್ಧಿ ಇದ್ದವರು ಮತ್ತೆ ಯಾಕೆ ಕೇಳುತ್ತಾರೆ? ಕೊಂಕನ್ನು ತರಗತಿಯಿಂದ ಪೂರ್ತಿ ಹೊರಗಿಡಿ. ಸಣ್ಣ ಮಕ್ಕಳಿಗೆ ಅದು ಅರ್ಥವಾಗುವುದಿಲ್ಲ, ದೊಡ್ಡವರಿಗೆ ಚುಚ್ಚುತ್ತದೆ.

‘ನಿಮ್ಮ ಅಕ್ಕ ಎಷ್ಟ ಚಲೋ ಓದ್ತಿದ್ಲು’, ‘ನಿಮ್ಮ ಓಣ್ಯಾಗಿನವ್ರೆಲ್ಲಾ ಹಿಂಗ’, ‘ಕುರಿ ಕಾಯಾಕ ಹೋಗು’ ಇವೂ ಅದೇ ಜಾತಿಯ ಮಾತುಗಳು. ಕುರಿ ಕಾಯುವವರ, ಕಬ್ಬು ಕಡಿಯುವವರ, ಗೌಂಡಿ ಕೆಲಸದವರ ಮಕ್ಕಳು ನಮ್ಮ ಎದುರು ಕೂತಿರುತ್ತಾರೆ. ಮಗುವಿನ ತಪ್ಪಿಗೆ ಅಪ್ಪನ ದುಡಿಮೆಯನ್ನು ಬೈಗುಳ ಮಾಡಿದರೆ ಆ ಮಗು ಶಾಲೆ ಮತ್ತು ಅಪ್ಪ ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಅಪ್ಪನನ್ನೇ ಆರಿಸುತ್ತದೆ, ಆರಿಸಬೇಕು ಕೂಡ.

ಹೊಗಳಿಕೆಗೂ ಇದೇ ಮಾತು. 1998ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನದಲ್ಲಿ, ಐದನೇ ತರಗತಿಯ ಮಕ್ಕಳು ಕೆಲವು ಚಿತ್ರ-ಒಗಟು ಬಿಡಿಸಿದ ಮೇಲೆ ಒಂದು ಗುಂಪಿಗೆ ‘ನೀನು ಬುದ್ಧಿವಂತ’ ಎಂದರು, ಇನ್ನೊಂದಕ್ಕೆ ‘ಶ್ರಮಪಟ್ಟು ಮಾಡಿದೆ’ ಎಂದರು. ಆಮೇಲೆ ಕಠಿಣ ಒಗಟು ಕೊಟ್ಟು ಸೋಲಿಸಿ, ಮತ್ತೆ ಮೊದಲಿನಂಥ ಸುಲಭದವನ್ನೇ ಕೊಟ್ಟರು. ಬುದ್ಧಿವಂತರೆನಿಸಿಕೊಂಡವರ ಅಂಕ ಮೊದಲಿಗಿಂತ ಇಳಿಯಿತು. ಶ್ರಮವನ್ನು ಹೊಗಳಿಸಿಕೊಂಡವರದು ಏರಿತು. ನಮ್ಮ ‘ಶ್ಯಾಣ್ಯಾ’ವನ್ನು ನಿಜವಾದ ಹೊಗಳಿಕೆಯಾಗಿ ಬಳಸುವಾಗಲೂ ಇದು ನೆನಪಿರಲಿ. ಒಂದು ಸೋಲು ಬಂದರೆ ಶ್ಯಾಣ್ಯಾನ ಕಿರೀಟ ಬೀಳುತ್ತದೆ ಎಂದು ಮಗು ಹೆದರುತ್ತದೆ.

ಮೊದಲು ಒಂದು ಹೊಗಳಿಕೆ, ನಡುವೆ ತಪ್ಪು, ಕೊನೆಗೆ ಮತ್ತೊಂದು ಹೊಗಳಿಕೆ ಎಂಬ ಸೂತ್ರವನ್ನು ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ನನಗೆ ಅದು ಒಗ್ಗಿಲ್ಲ. ಎರಡು ವಾರದಲ್ಲಿ ಮಕ್ಕಳು ನಮ್ಮ ‘ಆದ್ರ…’ಕ್ಕೆ ಕಾಯಲು ಕಲಿಯುತ್ತಾರೆ, ಮೊದಲಿನ ಹೊಗಳಿಕೆ ಕಿವಿಗೇ ಬೀಳುವುದಿಲ್ಲ. ನಿಜವಾಗಿ ಚೆನ್ನಾದದ್ದು ಕಂಡರೆ ಅದನ್ನು ಬೆರಳಿಟ್ಟು ತೋರಿಸಿ. ಕಾಣದಿದ್ದರೆ ಹುಟ್ಟಿಸಬೇಡಿ.

ಎಲ್ಲಿ, ಯಾವ ದನಿಯಲ್ಲಿ

ತಪ್ಪು ಹಲವರದ್ದಾಗಿದ್ದರೆ ಹೆಸರು ಹೇಳದೆ ಬೋರ್ಡಿನ ಮೇಲೆ. ಒಬ್ಬರದ್ದಾಗಿದ್ದರೆ ಅವರ ಬೆಂಚಿನ ಹತ್ತಿರ ಹೋಗಿ, ಬಗ್ಗಿ ಅಥವಾ ಪಕ್ಕದಲ್ಲಿ ಕೂತು, ಪಕ್ಕದವರಿಗಷ್ಟೇ ಕೇಳುವ ದನಿಯಲ್ಲಿ. ಉಳಿದ ಮಕ್ಕಳು ಓದುತ್ತಿರುವಾಗ ಅಥವಾ ಬರೆಯುತ್ತಿರುವಾಗ ಇದನ್ನು ಮಾಡಿದರೆ ಯಾರ ಲಕ್ಷ್ಯವೂ ಅತ್ತ ಹೋಗುವುದಿಲ್ಲ. ಸ್ಟಾಫ್ ರೂಮಿಗೆ ಕರೆಸುವುದು ಗುಟ್ಟಲ್ಲ. ಅಲ್ಲಿ ಇನ್ನೂ ಐದು ಶಿಕ್ಷಕರಿರುತ್ತಾರೆ, ಒಬ್ಬರಾದರೂ ‘ಏನ್ ಮಾಡಿದ್ಲ ಈಕಿ?’ ಅನ್ನುತ್ತಾರೆ. ಒಂಬತ್ತು-ಹತ್ತರ ಮಕ್ಕಳಿಗೆ, ಹುಡುಗ-ಹುಡುಗಿಯರು ಕೂಡಿ ಕೂತ ತರಗತಿಯಲ್ಲಿ, ಎದ್ದು ನಿಲ್ಲಿಸಿ ಆಡಿದ ಮಾತು ಇನ್ನಷ್ಟು ಭಾರ.

ನಿಮಗೆ ಸಿಟ್ಟು ಬಂದಿದ್ದರೆ ಆ ದಿನ ಹೇಳಲೇಬೇಡಿ. ‘ನಾಳೆ ಪ್ರಾರ್ಥನೆ ಮುಗಿದ ಮ್ಯಾಲ ನನ್ನ ಕಡೆ ಬಾ, ಇದರ ಬಗ್ಗೆ ಮಾತಾಡೂಣು’ ಸಾಕು. ಕಾನೂನಿನ ಮಾತನ್ನೂ ಮರೆಯಬಾರದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಗೇ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಬೆತ್ತ ಬಿಟ್ಟು ನಾಲಿಗೆ ಹಿಡಿದರೆ ಕಾಯ್ದೆ ಪಾಲಿಸಿದಂತಾಗುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಬರೆಯುವಾಗ

ಅಂಕ ಮತ್ತು ಟಿಪ್ಪಣಿಯನ್ನು ಒಟ್ಟಿಗೆ ಕೊಡಬೇಡಿ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಉಳಿದವರಿಗೆ ಎರಡೂ ಸಿಕ್ಕವು. ಮುಂದಿನ ಕೆಲಸದಲ್ಲಿ ಸುಧಾರಿಸಿದವರು ಬರೀ ಟಿಪ್ಪಣಿ ಪಡೆದವರು. ಎರಡೂ ಪಡೆದವರು ಬರೀ ಅಂಕ ಪಡೆದವರ ಹಾಗೆಯೇ ಉಳಿದರು. ಇದನ್ನು ನಾವು ದಿನಾ ನೋಡುತ್ತೇವೆ: ನೋಟ್‌ಬುಕ್ಕು ಕೈಗೆ ಬಂದ ಕೂಡಲೇ ‘ನಿಂದ ಎಷ್ಟ? ನಂದ ಎಂಟು’ ಶುರುವಾಗುತ್ತದೆ, ಕೆಳಗೆ ನಾವು ಬರೆದ ಎರಡು ಸಾಲನ್ನು ಯಾರೂ ಓದುವುದಿಲ್ಲ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕವನ್ನು ದಾಖಲೆಯಲ್ಲಿ ಬರೆಯಲೇಬೇಕು, ಬರೆದುಕೊಳ್ಳಿ. ಮಗುವಿನ ಕೈಗೆ ಮೊದಲು ಟಿಪ್ಪಣಿ ಮಾತ್ರ ಹೋಗಲಿ, ತಿದ್ದಿ ತಂದ ಮೇಲೆ ಅಂಕ ಹೇಳಿ.

ಐವತ್ತು ಮಕ್ಕಳ ತರಗತಿಯಲ್ಲಿ ಇದೆಲ್ಲ ಎಲ್ಲಿ ಸಾಧ್ಯ ಎನ್ನುವವರಿಗೆ: ದಿನಕ್ಕೆ ಹತ್ತು ನೋಟ್‌ಬುಕ್ಕು. ಐದು ದಿನಕ್ಕೆ ಒಂದು ಸುತ್ತು. ಆ ಹತ್ತಕ್ಕೆ ಮಾತ್ರ ಟಿಪ್ಪಣಿ, ಉಳಿದವಕ್ಕೆ ಬರೀ ನೋಡಿದ ಸಹಿ. ಕಾಗುಣಿತದ ತಪ್ಪಿದ್ದ ಸಾಲಿನ ಅಂಚಿನಲ್ಲಿ ಒಂದು ಚುಕ್ಕೆ ಇಡುತ್ತೇನೆ, ಶಬ್ದಕ್ಕೆ ಗುಂಡು ಸುತ್ತುವುದಿಲ್ಲ. ಆ ಸಾಲಿನಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವುದು ಅವರ ಕೆಲಸ. ಹುಡುಕಿ ತಿದ್ದಿದ ತಪ್ಪು ಮತ್ತೆ ಬರುವುದು ಕಡಿಮೆ, ನನ್ನ ಶಾಯಿಯೂ ಉಳಿಯುತ್ತದೆ.

ಮನೆಮಾತು ತಪ್ಪಲ್ಲ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಶಿಕ್ಷಕರು ಇದನ್ನು ಬೇರೆಯವರಿಗಿಂತ ಹೆಚ್ಚು ಯೋಚಿಸಬೇಕು. ನಮ್ಮ ಮಕ್ಕಳು ‘ಮನಿ’, ‘ಸಾಲಿ’, ‘ಹೊಲ್ದಾಗ’, ‘ಹೋಗ್ಯಾನ’ ಎಂದು ಬರೆಯುತ್ತಾರೆ. ಅದಕ್ಕೆ ‘ತಪ್ಪು’ ಎಂದು ಕೆಂಪು ಗೀಟು ಎಳೆದರೆ, ಅವ್ವ ಮಾತಾಡುವುದೇ ತಪ್ಪು ಎಂದಂತೆ ಮಗುವಿಗೆ ಕೇಳಿಸುತ್ತದೆ. ನಾನು ಬೋರ್ಡನ್ನು ಎರಡು ಭಾಗ ಮಾಡುತ್ತೇನೆ. ಎಡಕ್ಕೆ ‘ಮನ್ಯಾಗ’, ಬಲಕ್ಕೆ ‘ಪುಸ್ತಕದಾಗ’. ‘ಮನಿ’ ಎಡಕ್ಕೆ, ‘ಮನೆ’ ಬಲಕ್ಕೆ. ‘ಹೊಲ್ದಾಗ’ ಎಡಕ್ಕೆ, ‘ಹೊಲದಲ್ಲಿ’ ಬಲಕ್ಕೆ. ಆಮೇಲೆ ತಿದ್ದುವಾಗ ‘ತಪ್ಪು’ ಎನ್ನುವ ಬದಲು ‘ಇದು ಎಡಗಡಿ ಶಬ್ದ, ಇಲ್ಲಿ ಬಲಗಡಿದು ಬೇಕು’ ಎಂದರೆ ಸಾಕು. ಕಾರಣವನ್ನೂ ಮುಚ್ಚಿಡುವುದಿಲ್ಲ. ಎಸ್ಸೆಸ್ಸೆಲ್ಸಿಯ ಪ್ರಥಮ ಭಾಷೆಗೆ ಇರುವ 125 ಅಂಕಗಳಲ್ಲಿ 100 ಬರವಣಿಗೆಯ ಪರೀಕ್ಷೆಗೆ. ಆ ಉತ್ತರಪತ್ರಿಕೆ ಯಾವ ಊರಿನ ಶಿಕ್ಷಕರ ಕೈಗೆ ಹೋಗುತ್ತದೋ ಹೇಳಲಾಗದು, ಅವರಿಗೂ ತಿಳಿಯುವ ಕನ್ನಡ ಬೇಕು ಎಂದು ನೇರವಾಗಿ ಹೇಳುತ್ತೇನೆ. ಕಥೆಯೊಳಗಿನ ಸಂಭಾಷಣೆಗೆ ಎಡಗಡೆಯ ಶಬ್ದಗಳೇ ಚೆಂದ ಎಂದೂ ಹೇಳುತ್ತೇನೆ.

ಗಡಿಭಾಗದಲ್ಲಿ ಮರಾಠಿ ಮನೆಮಾತಿನ ಮಕ್ಕಳು ಕನ್ನಡ ಬರೆಯುವಾಗ ‘ಎ-ಏ’, ‘ಒ-ಓ’ಗಳಲ್ಲಿ ಎಡವುತ್ತಾರೆ. ಮರಾಠಿಯಲ್ಲಿ ಈ ಸ್ವರಗಳಿಗೆ ಹ್ರಸ್ವ-ದೀರ್ಘದ ಭೇದವೇ ಇಲ್ಲ, ಇರುವುದು ಒಂದೊಂದೇ ಅಕ್ಷರ. ಇದು ಗೊತ್ತಿರದ ಶಿಕ್ಷಕರು ‘ಎಷ್ಟ ಸಲ ಹೇಳಿದ್ರೂ ತಿಳಿಯೂದಿಲ್ಲ’ ಎಂದು ರೇಗುತ್ತಾರೆ. ಗೊತ್ತಿದ್ದವರು ‘ಕೆರೆ’ ಮತ್ತು ‘ಕೇರಿ’, ‘ಕೊಡು’ ಮತ್ತು ‘ಕೋಡು’ ಎಂದು ಜೋಡಿ ಶಬ್ದ ಹೇಳಿಸಿ, ಕಿವಿಗೆ ಮೊದಲು ಕಲಿಸುತ್ತಾರೆ. ಕಿವಿಗೆ ಕೇಳಿಸದ ಭೇದ ಕೈಗೆ ಬರುವುದು ಹೇಗೆ? ತಾಂಡಾದ ಮಗು ಲಂಬಾಣಿ ಮಾತಾಡುತ್ತ ಬೆಳೆದು ಕನ್ನಡವನ್ನು ಶಾಲೆಯಲ್ಲೇ ಕಲಿಯುತ್ತಿರುತ್ತದೆ. ಆ ಮಗು ಒಂದು ವಾಕ್ಯವನ್ನು ತಪ್ಪಿಲ್ಲದೆ ಬರೆದರೆ ಅದು ಎರಡನೇ ಭಾಷೆಯಲ್ಲಿ ಮಾಡಿದ ಕೆಲಸ.

ಇಂಥ ಮಕ್ಕಳ ವಿಷಯದಲ್ಲಿ ನಮಗೆ ಇನ್ನೊಂದು ದೌರ್ಬಲ್ಯವಿದೆ. ‘ಪಾಪ, ಇರ್ಲಿ ಬಿಡು’ ಎಂದು ತಪ್ಪನ್ನೇ ಹೇಳದೆ ಬಿಡುತ್ತೇವೆ. ಕರುಣೆ ಅಂದುಕೊಂಡು ಕೈಬಿಡುವುದು ಅದು, ಮಕ್ಕಳಿಗೂ ಅದು ತಿಳಿಯುತ್ತದೆ. 2014ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಏಳನೇ ತರಗತಿಯವರ ಪ್ರಬಂಧಗಳಿಗೆ ಶಿಕ್ಷಕರು ಎಂದಿನಂತೆ ಟಿಪ್ಪಣಿ ಬರೆದರು. ಪ್ರತಿಯೊಂದಕ್ಕೂ ಒಂದು ಚೀಟಿ ಸೇರಿತ್ತು, ಕೆಲವರ ಚೀಟಿಯಲ್ಲಿ ಮಾತ್ರ ಬೇರೆ ಮಾತಿತ್ತು. ‘ನನಗೆ ನಿನ್ನಿಂದ ಹೆಚ್ಚಿನ ನಿರೀಕ್ಷೆ ಇದೆ, ನೀನು ಅಲ್ಲಿಗೆ ಮುಟ್ಟಬಲ್ಲೆ ಎಂದು ಗೊತ್ತಿದೆ, ಅದಕ್ಕೇ ಇಷ್ಟು ಬರೆದಿದ್ದೇನೆ’ ಎಂಬುದು ಅದರ ಸಾರ. ಆ ಮಾತಿನ ಚೀಟಿ ಸಿಕ್ಕವರಲ್ಲಿ ಪ್ರಬಂಧ ತಿದ್ದಿ ತಂದವರು ಹೆಚ್ಚಾದರು. ಅದರಲ್ಲೂ ಶಾಲೆಯ ಮೇಲೆ ನಂಬಿಕೆ ಕಳೆದುಕೊಂಡಿದ್ದ ಕಪ್ಪುಜನಾಂಗದ ಮಕ್ಕಳಲ್ಲಿ ವ್ಯತ್ಯಾಸ ದೊಡ್ಡದಾಗಿತ್ತು. ನಮ್ಮ ಭಾಷೆಯಲ್ಲಿ ಅದು ಇಷ್ಟೇ: ‘ನಿನ್ನ ಕಡಿಂದ ಆಗ್ತೈತಿ ಅಂತ ಗೊತ್ತದ ಯವ್ವಾ, ಅದಕ್ಕ ಇಷ್ಟ ಬಿಗಿಯಾಗಿ ತಿದ್ದೀನಿ.’ ಬಿಗಿಯಾಗಿ ತಿದ್ದದೆ ಬರೀ ಈ ಮಾತು ಹೇಳಿದರೆ ಕೆಲಸ ಮಾಡುವುದಿಲ್ಲ. ಎರಡೂ ಜೊತೆಗಿರಬೇಕು.

ಮನೆಯವರಿಗೆ ಹೇಳುವಾಗ

ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಅಪ್ಪನಿಗೆ ದೂರು ಹೇಳಬೇಡಿ. ‘ನಾಕ ಬಾರಿಸ್ರಿ ಸರ, ನಾವೇನೂ ಅನ್ನೂದಿಲ್ಲ’ ಎನ್ನುವ ಪಾಲಕರು ನಮ್ಮಲ್ಲಿ ಈಗಲೂ ಇದ್ದಾರೆ. ಶಾಲೆಯಲ್ಲಿ ಬೀಳದ ಪೆಟ್ಟು ಮನೆಯಲ್ಲಿ ಬೀಳುತ್ತದೆ, ಕಾರಣ ನೀವಾಗಿರುತ್ತೀರಿ. ಮೊದಲ ಫೋನು ಒಳ್ಳೆಯ ಸುದ್ದಿಗಾಗಿರಲಿ. ಎರಡನೆಯದರಲ್ಲಿ ಮನೆಯವರು ಮಾಡಬಹುದಾದ ಒಂದೇ ಕೆಲಸ ಕೇಳಿ: ಸಂಜೆ ಏಳರಿಂದ ಅರ್ಧ ತಾಸು ಟಿವಿ ಬಂದ್ ಮಾಡಿರಿ, ಇಷ್ಟು ಸಾಕು. ಓದು ಬರದ ಅವ್ವನಿಗೂ ಇದು ಮಾಡಲು ಬರುತ್ತದೆ.

ನಾವೇ ತಪ್ಪಿದಾಗ

ಎಲ್ಲರೆದುರು ಆಡಿದ ತಪ್ಪು ಮಾತಿಗೆ ಎಲ್ಲರೆದುರೇ ತಪ್ಪೊಪ್ಪಿಕೊಳ್ಳಬೇಕು. ದನ ಕಾಯುವ ಹುಡುಗನ ವಿಷಯದಲ್ಲಿ ನನಗೆ ಅದಕ್ಕೆ ನಾಲ್ಕು ದಿನ ಬೇಕಾಯಿತು. ಅದೇ ತರಗತಿಯಲ್ಲಿ ನಿಂತು ಹೇಳಿದೆ: ‘ಸೋಮವಾರ ನಾ ಇವಂಗ ದನ ಕಾಯಾಕ ಹೋಗು ಅಂದ್ನಿ. ಹಂಗ ಅನ್ನಬಾರದಿತ್ತು. ಇಂವ ದನಾ ಕಾದು, ಮೂರು ಕಿಲೋಮೀಟರ್ ನಡದು ಬರ್ತಾನ.’ ಮಗುವನ್ನು ‘ಕ್ಷಮಿಸ್ತೀಯಾ?’ ಎಂದು ಕೇಳಿ ಇಕ್ಕಟ್ಟಿಗೆ ಸಿಕ್ಕಿಸಲಿಲ್ಲ. ಮಾತು ಮುಗಿಸಿ ಪಾಠ ಶುರು ಮಾಡಿದೆ. ಮರ್ಯಾದೆ ಹೋಗುತ್ತದೆ ಎಂದು ಹೆದರಿದ್ದೆ, ಹೋಗಲಿಲ್ಲ.

ತಿದ್ದಿಸಿ ನೋಡುವವರೆಗೆ ಬಿಡಬೇಡಿ

ಹೆಚ್ಚಿನವರು ತಪ್ಪು ಹೇಳಿದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಅದು ಅರ್ಧವಷ್ಟೇ. ತಿದ್ದಲು ಸಮಯ ಶಾಲೆಯ ವೇಳೆಯಲ್ಲೇ ಕೊಡಿ, ಮನೆಗೆ ಕಳಿಸಬೇಡಿ. ಹತ್ತು ನಿಮಿಷ ಸಾಕು. ತಿದ್ದಿದ್ದನ್ನು ನೀವೇ ಓದಿ, ಏನು ಬದಲಾಯಿತು ಎಂದು ಹೆಸರಿಟ್ಟು ಹೇಳಿ.

ಕಳೆದ ಬನದ ಹುಣ್ಣಿಮೆಯ ನಂತರ ಒಂಬತ್ತನೇ ತರಗತಿಗೆ ಜಾತ್ರೆಯ ಮೇಲೆ ಬರೆಯಲು ಹೇಳಿದ್ದೆ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋಗಿ ಬಂದವರೇ ಹೆಚ್ಚು. ಒಬ್ಬ ಹುಡುಗ ಬರೆದಿದ್ದ: ‘ಜಾತ್ರೆ ಬಹಳ ಚೆನ್ನಾಗಿತ್ತು. ಬಹಳ ಜನ ಸೇರಿದ್ದರು. ನಾವು ತೇರು ಎಳೆದೆವು. ಬಹಳ ಆನಂದವಾಯಿತು.’ ಕಾಗುಣಿತದಲ್ಲಿ ಒಂದೂ ತಪ್ಪಿಲ್ಲ, ಹುಡುಗ ಮಾತ್ರ ಅದರಲ್ಲಿ ಎಲ್ಲೂ ಇಲ್ಲ. ‘ಬಹಳ’ ಎಂಬ ಮೂರು ಶಬ್ದಗಳ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ ಬರೆದೆ: ‘ಹಗ್ಗ ಹಿಡಿದಾಗ ಕೈಗೆ ಏನಾಯಿತು? ಎರಡು ವಾಕ್ಯ ಬರಿ.’ ಬೇರೇನೂ ಬರೆಯಲಿಲ್ಲ.

ಊಟದ ಬಿಡುವಿನಲ್ಲಿ ತಂದು ಕೊಟ್ಟ. ‘ಹಗ್ಗ ಭಾಳ ಒರಟಿತ್ತು, ಅಂಗೈ ಸುಟ್ಟಂಗಾತು. ಬಿಡಬೇಕು ಅನಿಸಿತು, ಆದರ ನನ್ನ ಹಿಂದ ಅಪ್ಪ ಹಿಡಿದಿದ್ದ.’ ನಾನು ಅದನ್ನು ಎರಡು ಸಲ ಓದಿದೆ. ‘ಅಪ್ಪ ಹಿಂದ ಹಿಡಿದದ್ದು ಬರದಿ ನೋಡು, ಅದರಿಂದ ತೇರು ನನಗ ಕಾಣಸ್ತು’ ಎಂದೆ. ಆಮೇಲೆ ಎಡಗಡೆಯ ಶಬ್ದ ಯಾವುವು, ನೀನೇ ಹುಡುಕು ಎಂದು ಪೆನ್ಸಿಲ್ ಕೊಟ್ಟೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ‘ಆದರ’ವನ್ನು ‘ಆದರೆ’ ಮಾಡಿದ, ‘ಹಿಂದ’ವನ್ನು ‘ಹಿಂದೆ’ ಮಾಡಿದ. ‘ಸುಟ್ಟಂಗಾತು’ಕ್ಕೆ ಬಂದು ನಿಂತ. ‘ಇದನ್ನ ಹಂಗ ಇಡ್ಲ್ಯಾ ಟೀಚರ್?’ ಎಂದ. ಇಡು ಎಂದೆ.